ಶಾಂತಿ ಸಭೆಗೆ ಕರೆಯದವರು

ವರ್ಷಕ್ಕೆ ಎರಡು ಸಲವಾದರೂ ನನಗೆ ‘ಸೌಹಾರ್ದ’ ಎಂಬ ಪದ ಬೇಕಾಗುತ್ತಿತ್ತು. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನಿಂದ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದ ಅರೆಕಾಲಿಕ ವರದಿಗಾರ ನಾನು. ಗಣೇಶ ಚೌತಿ ಬಂತೆಂದರೆ ಪೊಲೀಸ್ ಠಾಣೆಯ ಅಂಗಳದಲ್ಲಿ ಶಾಂತಿ ಸಭೆ, ಮೊಹರಂ ಬಂತೆಂದರೆ ಇನ್ನೊಂದು ಶಾಂತಿ ಸಭೆ. ಸುದ್ದಿಯ ತಲೆಬರಹ ಸಭೆಗಿಂತ ಮೊದಲೇ ತಯಾರು: ‘ಸೌಹಾರ್ದದಿಂದ ಹಬ್ಬ ಆಚರಿಸಲು ಕರೆ’. ತಹಶೀಲ್ದಾರರ ಹೆಸರು, ಇನ್‌ಸ್ಪೆಕ್ಟರ ಹೆಸರು, ‘ಉಭಯ ಸಮಾಜಗಳ ಹಿರಿಯರು ಉಪಸ್ಥಿತರಿದ್ದರು’ ಎಂಬ ಒಂದು ಸಾಲು. ಕಾರ್ಬನ್ ಇಟ್ಟು ಬರೆದು, ಲಕೋಟೆಗೆ ಹಾಕಿ, ಸಂಜೆಯ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ ಆ ದಿನದ ಕೆಲಸ ಮುಗಿಯಿತು. ಸೆಂಟಿಮೀಟರ್ ಲೆಕ್ಕದಲ್ಲಿ ಸಂಭಾವನೆ ಕೊಡುತ್ತಿದ್ದ ಕಾಲವಾದ್ದರಿಂದ ಸೌಹಾರ್ದ ಉದ್ದವಾದಷ್ಟೂ ನನಗೇ ಲಾಭ.

ಠಾಣೆಯ ಗೋಡೆಗೆ ಕಟ್ಟುತ್ತಿದ್ದ ಬ್ಯಾನರಿನಲ್ಲಿ ಮಾತ್ರ ಪ್ರತಿ ಸಲವೂ ‘ಸೌಹಾರ್ಧತೆ’ ಎಂದೇ ಇರುತ್ತಿತ್ತು. ಒಂದೇ ಪದದಲ್ಲಿ ಎರಡು ತಪ್ಪು. ಡೆಸ್ಕಿನಲ್ಲಿದ್ದ ಹಿರಿಯ ಉಪಸಂಪಾದಕರೊಬ್ಬರು ಇದಕ್ಕೆ ಸಿಡಿಮಿಡಿಗೊಳ್ಳುತ್ತಿದ್ದರು. ಸುಹೃದ್ ಎಂದರೆ ಒಳ್ಳೆಯ ಮನಸ್ಸಿನವನು, ಗೆಳೆಯ. ಅವನ ಭಾವವೇ ಸೌಹಾರ್ದ. ಅದರಲ್ಲಿ ಮಹಾಪ್ರಾಣ ಇಲ್ಲ, ಅದರ ಮೇಲೆ ಮತ್ತೊಂದು ‘ತೆ’ ಬೇಕಿಲ್ಲ. ‘ಐಕ್ಯತೆ’ ಬರೆಯುವ ಮಂದಿಯೇ ಇದನ್ನೂ ಬರೆಯುವುದು ಎಂದು ಗೊಣಗುತ್ತಿದ್ದರು. ಅವರ ಗೊಣಗಾಟದಿಂದ ಪತ್ರಿಕೆ ಸರಿಯಾಯಿತು, ಬ್ಯಾನರು ಇಂದಿಗೂ ಸರಿಯಾಗಿಲ್ಲ.

‘ಸಹಬಾಳ್ವೆ’ ಇನ್ನೊಂದು ದಾರಿಯಿಂದ ಬಂದ ಪದ. 1954ರ ಏಪ್ರಿಲಿನಲ್ಲಿ ಭಾರತ ಮತ್ತು ಚೀನಾ ಪಂಚಶೀಲದ ಒಪ್ಪಂದಕ್ಕೆ ಸಹಿ ಹಾಕಿದಾಗ ಐದನೆಯ ತತ್ವವಾಗಿ ‘ಶಾಂತಿಯುತ ಸಹಬಾಳ್ವೆ’ ಕನ್ನಡ ಪತ್ರಿಕೆಗಳಿಗೆ ಹತ್ತಿಕೊಂಡಿತು. ಎಂಟು ವರ್ಷಕ್ಕೆ ಒಪ್ಪಂದವೂ ಹೋಯಿತು, ಯುದ್ಧವೂ ಆಯಿತು, ಪದ ಉಳಿಯಿತು. ನಮ್ಮ ಕಡೆ ಬಾಳೇವು ಎಂದರೆ ಗಂಡ ಹೆಂಡಿರದು. ಹೀಗಾಗಿ ತಹಶೀಲ್ದಾರರು ಸಭೆಯಲ್ಲಿ ಗಜಾನನ ಮಂಡಳಿಯವರಿಗೂ ಅಂಜುಮನ್ನಿನವರಿಗೂ ‘ನೀವು ಸಹಬಾಳ್ವೆ ಮಾಡಬೇಕು’ ಎಂದರೆ ಹಿಂದಿನ ಸಾಲಿನಲ್ಲಿ ಕುಳಿತವರು ಮೀಸೆಯಲ್ಲಿ ನಗುತ್ತಿದ್ದರು.

ಈಗಂತೂ ಸೌಹಾರ್ದದ ಅರ್ಥವೇ ಬೇರೆಯಾಗಿದೆ. 1997ರಲ್ಲಿ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆ ಆಯಿತು, 2001ರಲ್ಲಿ ಜಾರಿಗೆ ಬಂತು; ಆಮೇಲೆ ಊರೂರಿಗೂ ಸೌಹಾರ್ದ ಪತ್ತಿನ ಸಹಕಾರಿಗಳ ಬೋರ್ಡು ಎದ್ದವು. ನಮ್ಮೂರಿನ ಹುಡುಗರನ್ನು ‘ಸೌಹಾರ್ದ ಎಲ್ಲಿದೆ?’ ಎಂದು ಕೇಳಿದರೆ ‘ಬಸ್‌ಸ್ಟ್ಯಾಂಡ್ ಎದುರಿಗೆ, ಎರಡನೇ ಮಾಳಿಗಿ’ ಎನ್ನುತ್ತಾರೆ. ಬಂಗಾರ ಅಡ ಇಡುವುದು ಅಲ್ಲಿಯೇ.

ಊರ ಮಂದಿ ಈ ಯಾವ ಪದವನ್ನೂ ಬಳಸಿದ್ದು ನಾನು ಕೇಳಲಿಲ್ಲ. ಅವರದು ‘ಹೊಂದಿಕಿ’. ‘ಆ ಎರಡು ಓಣಿಗೆ ಹೊಂದಿಕಿ ಐತಿ’, ‘ಅಣ್ಣ ತಮ್ಮಗ ಹೊಂದಿಕಿ ಇಲ್ಲ’ ಎನ್ನುವರು. ಹೊಂದಿಕಿಯಲ್ಲಿ ಹೃದಯದ ಮಾತಿಲ್ಲ. ಒಬ್ಬರಿಗೊಬ್ಬರು ಪ್ರಾಣಸ್ನೇಹಿತರಾಗಬೇಕೆಂಬ ಒತ್ತಾಯವೂ ಇಲ್ಲ. ಯಾವ ಹೊತ್ತಿಗೆ ಯಾರು ಎಲ್ಲಿ ಎಂಬುದು ಗೊತ್ತಾಗಿರಬೇಕು, ಅಷ್ಟೆ. ಅದನ್ನು ನಾನು ಚೆನ್ನಾಗಿ ಕಂಡದ್ದು 1986ರ ಸೆಪ್ಟೆಂಬರಿನಲ್ಲಿ.

ಆ ವರ್ಷ ಗಣೇಶ ಚೌತಿ, ಮೊಹರಂ ಒಂದೇ ವಾರಕ್ಕೆ ಬಂದಿದ್ದವು. ಇದು ಆಕಸ್ಮಿಕವೇನಲ್ಲ. ಎರಡೂ ಪಂಚಾಂಗಕ್ಕೆ ಆಧಾರ ಚಂದ್ರನೇ. ನಮ್ಮದರಲ್ಲಿ ಎರಡೂವರೆ ಮೂರು ವರ್ಷಕ್ಕೊಂದು ಅಧಿಕ ಮಾಸ ಸೇರಿಸಿ ಸೂರ್ಯನ ಜೊತೆ ಹೊಂದಿಸುತ್ತಾರೆ. ಹಿಜರಿಯಲ್ಲಿ ಸೇರಿಸುವುದಿಲ್ಲ, ಹಾಗಾಗಿ ಅದು ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತ ಹೋಗುತ್ತದೆ. ಸರಿಯುತ್ತ ಸರಿಯುತ್ತ ಸುಮಾರು ಮೂವತ್ತೆರಡು ವರ್ಷಕ್ಕೊಮ್ಮೆ ಮೊಹರಂ ತಿಂಗಳು ಭಾದ್ರಪದದ ಮೇಲೆ ಬಂದು ಕೂರುತ್ತದೆ. ಕೂತರೆ ಎರಡು ಮೂರು ವರ್ಷ ಅಲ್ಲಿಯೇ. 1985, 86, 87 ಅಂಥ ವರ್ಷಗಳು. ಆಗ ಬಿದಿಗೆ ಚಂದ್ರನನ್ನು ನೋಡಿ, ಮೊಹರಂನ ಬೆಂಕಿ ಹಾಕುವ ಅಲಾಯಿ ಕುಣಿಗೆ ಗುದ್ದಲಿ ಹಾಕಿದ ಒಂದೆರಡು ದಿನಕ್ಕೇ ಗಣಪತಿ ಕೂರುತ್ತಾನೆ, ಒಂಬತ್ತನೆಯ ದಿನದ ಗಣಪತಿ ಹೊರಡುವ ಹೊತ್ತಿಗೆ ಅಲಾಯಿ ದೇವರೂ ಹೊರಡುತ್ತಾರೆ.

ನಮ್ಮ ಕಡೆಯ ಮೊಹರಂ ನೋಡದವರಿಗೆ ಒಂದು ಮಾತು ಹೇಳಬೇಕು. ಅದು ಮುಸ್ಲಿಮರಷ್ಟೇ ಮಾಡುವ ಹಬ್ಬವಲ್ಲ. ರಾಯಚೂರು ಸೀಮೆಯ ಮುದಗಲ್ಲಿನಲ್ಲಿ ಮೊಹರಂಗೆ ಸೇರುವ ಜನಸಾಗರ ಪ್ರಸಿದ್ಧ. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲಿ ಕೂಡ ಮಸೂತಿಯಿದೆ, ಅಂಗೈ ಆಕಾರದ ಅಲಾಯಿ ದೇವರ ಪಂಜಾ ಇದೆ, ಕುರುಬರೋ ನಾಯಕರೋ ಲಿಂಗಾಯತರೋ ದೇವರು ಹಿಡಿಯುತ್ತಾರೆ. ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ, ಚೋಂಗೆ ಮಾಡಿ ಹಂಚುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಹುಸೇನರು ಸತ್ತ ಕತೆಯನ್ನು ಹೆಜ್ಜೆ ಮೇಳದವರು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಶಿಶುನಾಳ ಶರೀಫರು ಅಂಥ ಪದಗಳನ್ನು ಕಟ್ಟಿದವರು. ಕತ್ತಲರಾತ್ರಿ ಕುಣಿಯ ಕೆಂಡದ ಸುತ್ತ ಕುಣಿಯುವವರ ಜಾತಿ ಯಾವುದೆಂದು ಕೇಳಿದರೆ ಕೇಳಿದವನೇ ಪೆದ್ದನಾಗುತ್ತಾನೆ.

ಪುಣೆಯಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ಹಿಂದೂಗಳು ದೊಡ್ಡ ಸಂಖ್ಯೆಯಲ್ಲಿ ಮೊಹರಂ ಮೆರವಣಿಗೆಗೆ ಹೋಗುತ್ತಿದ್ದರು. 1893ರ ಮುಂಬೈ ಗಲಭೆಯ ನಂತರ ಅದು ಮುರಿಯಿತು. ಟಿಳಕರು ಕಟ್ಟಿ ಬೆಳೆಸಿದ ಸಾರ್ವಜನಿಕ ಗಣೇಶೋತ್ಸವ ಆ ಜಾಗಕ್ಕೆ ಬಂತು. ಮೇಳ, ಹಾಡು, ಮೆರವಣಿಗೆಯ ಎಷ್ಟೋ ಸಂಗತಿಗಳು ಮೊಹರಂನಿಂದಲೇ ಬಂದವು ಎಂದು ಇತಿಹಾಸಕಾರರು ಬರೆದಿದ್ದಾರೆ. ಆ ಗಣೇಶೋತ್ಸವ ನಮ್ಮೂರಿಗೂ ಬಂದು ತಳವೂರಿತು. ಆದರೆ ಇಲ್ಲಿ ಅದು ಮೊಹರಂ ಅನ್ನು ಎಬ್ಬಿಸಿ ಆ ಜಾಗದಲ್ಲಿ ಕೂರಲಿಲ್ಲ, ಪಕ್ಕಕ್ಕೆ ಕುಳಿತಿತು.

1986ರ ಶಾಂತಿ ಸಭೆಗೆ ಬರುತ್ತೇನೆ. ಠಾಣೆಯ ಬೇವಿನ ಮರದ ಕೆಳಗೆ ಜಮಖಾನೆ, ಎದುರಿಗೆ ನಾಲ್ಕು ಕುರ್ಚಿ. ಇನ್‌ಸ್ಪೆಕ್ಟರು ಹೊಸಬರು, ದಕ್ಷಿಣದ ಕಡೆಯವರು. ಎರಡು ಮೆರವಣಿಗೆ ಒಂದೇ ದಿನ, ಒಂದೇ ಅಗಸಿಯಿಂದ, ಒಂದೇ ಕೆರೆಗೆ ಹೋಗುತ್ತವೆ ಎಂದು ತಿಳಿದು ಅವರ ಮುಖ ಬಾಡಿತ್ತು. ಸೌಹಾರ್ದದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಹಿರಿಯರು ತಲೆಯಾಡಿಸಿದರು. ಚಹಾ ಬಂತು, ಬಿಸ್ಕೀಟು ಬಂತು. ಯಾವ ಮೆರವಣಿಗೆ ಎಷ್ಟು ಗಂಟೆಗೆ ಎಂಬ ಒಂದು ಪ್ರಶ್ನೆಯನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಿ ತೀರ್ಮಾನವಾಯಿತು.

ಆ ಪ್ರಶ್ನೆ ತೀರಿದ್ದು ಆ ದಿನ ಸಂಜೆ, ಒಂದು ಅಡತಿ ಅಂಗಡಿಯಲ್ಲಿ. ಅಂಗಡಿಯ ಸಾಹುಕಾರರೇ ಗಜಾನನ ಮಂಡಳಿಯ ಅಧ್ಯಕ್ಷರು. ಮಸೂತಿಯ ಮುಜಾವರ ಕಾಕಾ ಪಿಂಜಾರರು. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಗಾದಿ ತುಂಬುವುದು ಅವರೇ. ಸಾಹುಕಾರರ ಅರಳೆ ಅವರಿಗೆ ಉದ್ರಿ ಹೋಗುತ್ತಿತ್ತು, ಗಾದಿಯ ದುಡ್ಡು ಬಂದಾಗ ಲೆಕ್ಕ ಚುಕ್ತಾ. ನಾನು ಸುದ್ದಿಯ ಆಸೆಗೆ ಹೋಗಿ ಜೋಳದ ಚೀಲದ ಮೇಲೆ ಕೂತಿದ್ದೆ.

‘ಕಾಕಾ, ನಿಮ್ಮ ದೇವರು ಯಾವಾಗ ಏಳ್ತಾವ?’ ಎಂದರು ಸಾಹುಕಾರರು.

‘ಸಂಜೀಕ ಏಳ್ತಾವ. ನಿಮ್ಮ ಗಣಪ್ಪ?’

‘ನಮ್ಮವೂ ಸಂಜೀಕ.’

‘ಹಂಗಾರ ಹಲಗಿ ಯಾರು ಬಾರಸ್ತಾರ?’

ಇಬ್ಬರೂ ಸುಮ್ಮನಾದರು. ಊರಿಗೆಲ್ಲ ಇದ್ದದ್ದು ಒಂದೇ ಹಲಗಿ ಮೇಳ. ಕೇರಿಯ ಏಳೆಂಟು ಮಂದಿ. ಗಣಪತಿಯ ಮುಂದೆ ಬಾರಿಸುವವರೂ ಅವರೇ, ಅಲಾಯಿ ಕುಣಿಯ ಸುತ್ತ ಬಾರಿಸುವವರೂ ಅವರೇ. ಹಲಗಿ ಇಲ್ಲದೆ ಗಣಪತಿ ಅಗಸಿ ದಾಟುವಂತಿಲ್ಲ, ಹಲಗಿ ಇಲ್ಲದೆ ಪಂಜಾ ಏಳುವಂತಿಲ್ಲ. ಒಂದೇ ಮೇಳ ಎರಡು ಕಡೆ ಇರಲಾಗುವುದಿಲ್ಲ. ಸಾಹುಕಾರರು ಸ್ವಲ್ಪ ಯೋಚಿಸಿ, ‘ನಾವು ಮಧ್ಯಾಹ್ನ ಊಟಾ ಆದ ಕೂಡಲೆ ಎತ್ತತೀವಿ, ದೀಪಾ ಹಚ್ಚೂದ್ರಾಗ ಮುಗಸ್ತೀವಿ. ಅಲ್ಲಿಂದ ಹಲಗಿಯವರು ಸೀದಾ ಮಸೂತಿಗೆ ಬರಲಿ’ ಎಂದರು. ಕಾಕಾ ‘ಆತು ತಗೋರಿ’ ಎಂದು ಎದ್ದರು. ಸೌಹಾರ್ದದ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಹೊಸ ಇನ್‌ಸ್ಪೆಕ್ಟರು ಇಬ್ಬರೂ ಗೊತ್ತು ಮಾಡಿದ ಹೊತ್ತನ್ನು ಕೇಳಿ ನೆಮ್ಮದಿಯಿಂದ ಮನೆಗೆ ಹೋದರು.

ಆ ದಿನ ಹಾಗೆಯೇ ನಡೆಯಿತು. ಗಣಪತಿ ಕೆರೆ ಸೇರಿದ. ಹಲಗಿಯವರು ಬೆವರು ಒರೆಸಿಕೊಂಡು, ಸಡಿಲಾದ ಚರ್ಮವನ್ನು ಹುಲ್ಲಿನ ಬೆಂಕಿಗೆ ಹಿಡಿದು ಬಿಗಿ ಮಾಡಿಕೊಂಡು ಮಸೂತಿಯ ಕಡೆ ನಡೆದರು. ದಾರಿಯಲ್ಲಿ ಬಜಾರಿನ ಚಹಾದಂಗಡಿಯ ಮುಂದೆ ನಿಂತರು. ಒಳಗಿನ ಬೆಂಚಿನಲ್ಲಿ ಮಂಡಳಿಯ ಹುಡುಗರೂ ಫಕೀರರಾದ ಹುಡುಗರೂ ಒತ್ತಿಕೊಂಡು ಕೂತಿದ್ದರು, ಒಬ್ಬನ ಹಣೆಯ ಗುಲಾಲು ಇನ್ನೊಬ್ಬನ ಅಂಗಿಗೆ ಹತ್ತಿತ್ತು. ಹಲಗಿಯವರು ಕಟ್ಟೆಯ ಪಕ್ಕಕ್ಕೆ ಹೋಗಿ, ಗೋಡೆಯ ಗೂಡಿನಲ್ಲಿ ಅವರಿಗೆಂದೇ ಇಟ್ಟಿದ್ದ ಗ್ಲಾಸುಗಳನ್ನು ತೆಗೆದುಕೊಂಡರು. ಅಂಗಡಿಯವನು ಮೇಲಿನಿಂದ ಚಹಾ ಸುರಿದ. ಕುಡಿದು, ಅಂಗಳದ ಬಾನಿಯ ನೀರಿನಲ್ಲಿ ತಾವೇ ತೊಳೆದು, ಮತ್ತೆ ಗೂಡಿನಲ್ಲಿ ಬೋರಲು ಹಾಕಿದರು.

ಅಸ್ಪೃಶ್ಯತೆಯನ್ನು ಅಪರಾಧವೆಂದು ಸಾರಿದ ಕಾಯ್ದೆ ಬಂದದ್ದು 1955ರಲ್ಲಿ. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೊಸ ಹೆಸರು ಕೊಟ್ಟು ಶಿಕ್ಷೆಯನ್ನೂ ಬಿಗಿ ಮಾಡಿದ್ದರು. ಅದೇ ವರ್ಷ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿ, ಸಾಮರಸ್ಯ ಬೆಳೆಸುವುದು ಪ್ರತಿ ನಾಗರಿಕನ ಕರ್ತವ್ಯ ಎಂದಾಯಿತು. ಚಹಾದಂಗಡಿ ಠಾಣೆಯಿಂದ ಕೂಗಳತೆಯಲ್ಲಿತ್ತು.

ಹಲಗಿ ಮೇಳದ ಹಿರಿಯನನ್ನು ನಾನು ‘ಯಜಮಾನ್ರ, ಶಾಂತಿ ಸಭಾಕ್ಕ ನೀವು ಬರಲಿಲ್ಲಲ್ಲ’ ಎಂದು ಕೇಳಿದೆ. ಎರಡೂ ಹಬ್ಬ ಅವರ ಹೆಗಲ ಮೇಲೆ ನಡೆದಿದ್ದವಲ್ಲ, ಅದಕ್ಕೆ.

‘ನಮ್ಮನ್ಯಾಕ ಕರೀತಾರ್ರೀ ಸರ? ಜಗಳಾಡೋ ಮಂದೀನ ಕರೀತಾರ. ನಾವು ಬಾರಸೋ ಮಂದಿ’ ಎಂದು ನಕ್ಕ.

ಈ ಮಾತು ಪತ್ರಿಕೆಯಲ್ಲಿ ಬರಲಿಲ್ಲ. ಬಂದದ್ದು ಎರಡು ಪ್ಯಾರಾ: ‘ಭಾವೈಕ್ಯ ಮೆರೆದ ಪಟ್ಟಣ’. ಭಾವೈಕ್ಯ ಎನ್ನುವುದು ಆಗ ಸೌಹಾರ್ದದ ಅಣ್ಣ. ಇನ್ನೂ ಸ್ವಲ್ಪ ದೊಡ್ಡ ಸುದ್ದಿಗೆ ಅದನ್ನು ತೆಗೆಯುತ್ತಿದ್ದರು.

ಆ ಹಿರಿಯನ ಮಗ ಅದಾಗಲೇ ಕಾಲೇಜು ಕಟ್ಟೆ ಹತ್ತಿದ್ದ. ದಲಿತ ಸಂಘರ್ಷ ಸಮಿತಿಯ ಶಿಬಿರಗಳಿಗೆ ಹೋಗಿ ಬರುತ್ತಿದ್ದ. ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರ ಮಾತು ಕೇಳಿ ಬಂದವನು ಅಪ್ಪನ ಹಲಗಿಯನ್ನು ನೋಡುವ ರೀತಿಯೇ ಬದಲಾಗಿತ್ತು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ಬೇಡಿ ತರುವುದು, ಸಾವಿಗೂ ಜಾತ್ರೆಗೂ ಕರೆದಾಗ ಇಲ್ಲವೆನ್ನದೆ ಹೋಗುವುದು, ಇವೆಲ್ಲ ಬಿಡಬೇಕು ಎಂದು ಮನೆಯಲ್ಲಿ ಜಗಳ. ನಾಲ್ಕಾರು ವರ್ಷದಲ್ಲಿ ಮೇಳದ ಹರೆಯದವರು ಒಬ್ಬೊಬ್ಬರಾಗಿ ಬಿಟ್ಟರು. ಒಂದು ವರ್ಷ ಗಣಪತಿಗೆ ಪಕ್ಕದ ಹಳ್ಳಿಯ ಬ್ಯಾಂಡ್ ಸೆಟ್ ಬಂತು. ಬಜಾರಿನಲ್ಲಿ ‘ಊರು ಕೆಟ್ಟಿತು, ಹಿಂದಿನ ಹೊಂದಿಕಿ ಇಲ್ಲ’ ಎಂದು ಹಲುಬುವ ಮಾತು ಶುರುವಾಯಿತು. ಹಲುಬುವವರಲ್ಲಿ ಎರಡೂ ಸಮಾಜದವರು ಇದ್ದರು. ಅದರಲ್ಲಾದರೂ ಅವರಿಗೆ ಹೊಂದಿಕಿಯಿತ್ತು ಎನ್ನಬೇಕು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಎಲ್ಲ ಊರಿನಲ್ಲೂ ಆದದ್ದೇ. ತೊಂಬತ್ತರ ದಶಕ ಬಂತು. ಹೊರಗಿನ ಗದ್ದಲ ಕ್ಯಾಸೆಟ್ಟುಗಳಲ್ಲಿ ಒಳಗೆ ಬಂತು. ಮಂಡಳಿಯ ಹುಡುಗರಿಗೆ ಯಾರೋ ‘ಅಲಾಯಿ ನಮ್ಮ ಹಬ್ಬ ಅಲ್ಲ’ ಎಂದರು; ಮಸೂತಿಯ ಓಣಿಯ ಹುಡುಗರಿಗೂ ಯಾರೋ ‘ಪಂಜಾ ಕೂಡ್ರಸೋದು ನಮ್ಮ ಧರ್ಮದಾಗ ಇಲ್ಲ’ ಎಂದರು. ಎರಡು ಕಡೆಯ ಬೋಧಕರ ಮಾತಿನಲ್ಲಿ ಎಷ್ಟು ಹೊಂದಾಣಿಕೆ! ಮುಜಾವರ ಕಾಕಾ ತೀರಿಕೊಂಡರು. ಫೋಮಿನ ಗಾದಿ ಬಂದು ಪಿಂಜಾರರ ಕೆಲಸ ಹೋಯಿತು, ಅದರ ಜೊತೆ ಸಾಹುಕಾರರ ಉದ್ರಿ ಲೆಕ್ಕವೂ ಹೋಯಿತು. ಒಬ್ಬರ ಅಂಗಡಿಗೆ ಇನ್ನೊಬ್ಬರು ಹೋಗಲೇಬೇಕಾದ ಕಾರಣಗಳು ಒಂದೊಂದಾಗಿ ಕಡಿಮೆಯಾದವು. ನನ್ನನ್ನು ಕೇಳಿದರೆ, ಹೊಂದಿಕಿಗೆ ಭಾಷಣಗಳಿಂದ ಆದ ಪೆಟ್ಟಿಗಿಂತ ಇದರಿಂದ ಆದ ಪೆಟ್ಟು ಹೆಚ್ಚು.

2018ರಲ್ಲಿ ಚಂದ್ರ ಮತ್ತೆ ಎರಡೂ ಹಬ್ಬಗಳನ್ನು ಕೂಡಿಸಿದ. ಸೆಪ್ಟೆಂಬರ್ 13ಕ್ಕೆ ಚೌತಿ, 21ಕ್ಕೆ ಮೊಹರಂನ ಕಡೆಯ ದಿನ. ನಾನು ವರದಿಗಾರಿಕೆ ಬಿಟ್ಟಿದ್ದೆ, ಆದರೂ ‘ಹಿರಿಯ ನಾಗರಿಕ’ ಎಂದು ಶಾಂತಿ ಸಭೆಗೆ ಕರೆ ಬಂತು. ಸಭೆ ಈಗ ಕಲ್ಯಾಣ ಮಂಟಪದಲ್ಲಿ. ಫ್ಲೆಕ್ಸಿನಲ್ಲಿ ‘ಸೌಹಾರ್ಧತಾ ಸಭೆ’. ತಪ್ಪು ಮೂವತ್ತು ವರ್ಷ ಬಾಳಿದೆ ಎಂದು ಒಂದು ಕ್ಷಣ ಖುಷಿಯೇ ಆಯಿತು. ಮಾರ್ಗದುದ್ದಕ್ಕೂ ಸಿಸಿಟಿವಿ, ಮಸೂತಿಯ ಮುಂದೆ ಬ್ಯಾರಿಕೇಡು, ಎರಡೂ ಕಡೆಯ ಒಂದಿಷ್ಟು ಹುಡುಗರಿಂದ ಮುಚ್ಚಳಿಕೆ. ಮೆರವಣಿಗೆ ಎರಡಕ್ಕೂ ಬೇರೆ ಬೇರೆ ಡಿಜೆ. ಹಲಗಿ ಬೇಕಿಲ್ಲದ್ದರಿಂದ ಇಬ್ಬರೂ ಒಂದೇ ಹೊತ್ತಿಗೆ ಹೊರಡಬಹುದಿತ್ತು, ಇಬ್ಬರೂ ಅದೇ ಹೊತ್ತನ್ನು ಕೇಳಿದರು. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಇಲ್ಲ ಎಂಬ 2000ದ ನಿಯಮವನ್ನು ಅಧಿಕಾರಿಗಳು ಓದಿ ಹೇಳಿದರು. ಕೊನೆಗೆ ಅವರೇ ಹೊತ್ತು ಗೊತ್ತು ಮಾಡಿದರು, ಎಲ್ಲರೂ ಸಹಿ ಹಾಕಿದರು. ಹಬ್ಬ ಸುಸೂತ್ರವಾಗಿ ನಡೆಯಿತು ಎನ್ನುವುದನ್ನೂ ಹೇಳಬೇಕು. ಪೊಲೀಸರು ಕಾದ ಶಾಂತಿಯೂ ಶಾಂತಿಯೇ. ತಲೆ ಒಡೆಯುವುದಕ್ಕಿಂತ ಸಾವಿರ ಪಾಲು ವಾಸಿ.

ಸಭೆಯಿಂದ ಹೊರಬರುವಾಗ ಆ ಹಲಗಿ ಹಿರಿಯನ ಮಗ ಸಿಕ್ಕ. ಹೈಸ್ಕೂಲು ಮಾಸ್ತರನಾಗಿ ನಿವೃತ್ತಿಯ ಹತ್ತಿರ ಬಂದಿದ್ದ. ಅವನನ್ನೂ ಕರೆದಿರಲಿಲ್ಲ, ಮಗಳ ಮದುವೆಗೆ ಮಂಟಪ ಕೇಳಲು ಬಂದಿದ್ದನಂತೆ. ನಾನು ಹಳೆಯ ಮಂದಿಯ ಹಾಗೆ, ‘ನಿಮ್ಮಪ್ಪನ ಹಲಗಿ ಇದ್ದಿದ್ರ ಇಷ್ಟೆಲ್ಲ ಬ್ಯಾರಿಕೇಡ್ ಬೇಕಿರಲಿಲ್ಲ ನೋಡಪಾ’ ಎಂದೆ.

ಅವನು ಸಿಟ್ಟಾಗಲಿಲ್ಲ. ‘ಇರಬೌದು ಸರ. ಆದ್ರ ಊರಿನ ಹೊಂದಿಕಿ ಸಲುವಾಗಿ ನಮ್ಮಪ್ಪ ಹೊರಗ ನಿಂತು ಚಾ ಕುಡೀಬೇಕಿತ್ತು. ಬ್ಯಾರಿಕೇಡ್‌ನ ಖರ್ಚು ಸರಕಾರ ಕೊಡ್ತೈತಿ. ಆ ಹೊಂದಿಕಿ ಖರ್ಚು ನಾವು ಕೊಡ್ತಿದ್ವಿ’ ಎಂದ.

ಹಳೆಯ ಕಾಲದ ಸಾಮರಸ್ಯದ ಬಗ್ಗೆ ನನ್ನ ವಯಸ್ಸಿನವರು ಬರೆಯುವ ಲೇಖನಗಳನ್ನು ಓದುವಾಗೆಲ್ಲ ಈ ಖರ್ಚಿನ ಮಾತು ಅಡ್ಡ ಬರುತ್ತದೆ. ಆ ಸಾಮರಸ್ಯ ಸುಳ್ಳಾಗಿರಲಿಲ್ಲ. ಸಾಹುಕಾರರು, ಕಾಕಾ ಒಬ್ಬರಿಗೊಬ್ಬರು ಹೊತ್ತು ಬಿಟ್ಟುಕೊಟ್ಟದ್ದನ್ನು ನಾನು ಜೋಳದ ಚೀಲದ ಮೇಲೆ ಕೂತು ಕಣ್ಣಾರೆ ನೋಡಿದ್ದೇನೆ. ಆದರೆ ಇಬ್ಬರ ನಡುವಿನ ಒಪ್ಪಂದ ನಿಂತದ್ದು ಮೂರನೆಯವನು ಕರೆದಲ್ಲಿಗೆ ಬರುತ್ತಾನೆ ಎಂಬ ಭರವಸೆಯ ಮೇಲೆ. ‘ಆತು ತಗೋರಿ’ ಎನ್ನುವ ಹಕ್ಕು ಅವನಿಗಿರಲಿಲ್ಲ. ಅವನನ್ನು ಕೇಳಿದ್ದರೆ ಹೊತ್ತಿನ ಜೊತೆಗೆ ಚಹಾದ ಗ್ಲಾಸಿನ ವಿಷಯವೂ ಅಡತಿ ಅಂಗಡಿಯಲ್ಲೇ ಎದ್ದೀತು. ಏಳಲಿ ಎಂದು ಯಾರಿಗೂ ಅನಿಸಿರಲಿಲ್ಲ. ಎರಡು ಧರ್ಮಗಳ ನಡುವೆ ಸೌಹಾರ್ದವಿದ್ದರೆ ಊರಿನಲ್ಲಿ ಸೌಹಾರ್ದವಿದೆ ಎಂದು ಲೆಕ್ಕ ಹಾಕುವುದು ಅರ್ಧ ಲೆಕ್ಕ, ಅದನ್ನು ಇನ್ನೂ ನಾವು ಬಿಟ್ಟಿಲ್ಲ.

2023ರಿಂದ ಮೂರು ವರ್ಷ ಈದ್ ಮಿಲಾದ್ ಮತ್ತು ಅನಂತ ಚತುರ್ದಶಿ ಒಂದೇ ದಿನಕ್ಕೋ ಒಂದು ದಿನದ ಅಂತರಕ್ಕೋ ಬಂದವು. 2023ರ ಸೆಪ್ಟೆಂಬರ್ 28ರಂದು ಎರಡೂ ಒಂದೇ ದಿನ. ಎಷ್ಟೋ ಊರುಗಳಲ್ಲಿ ಮಿಲಾದ್ ಮೆರವಣಿಗೆಯನ್ನು ಮುಂದಕ್ಕೆ ಹಾಕಿಕೊಂಡರು. ಪತ್ರಿಕೆಗಳಲ್ಲಿ ‘ಸೌಹಾರ್ದ ಮೆರೆದ ಮುಸ್ಲಿಮರು’ ಎಂದು ಬಂತು. ಯಾರು ಯಾರ ಜೊತೆ ಎಲ್ಲಿ ಕೂತು ಮಾತಾಡಿದರು, ಯಾರು ಮೊದಲು ಬಾಯಿ ಬಿಟ್ಟರು, ಬದಲಿಗೆ ಯಾರು ಏನು ಒಪ್ಪಿಕೊಂಡರು ಎಂಬುದನ್ನು ಹುಡುಕಿದೆ, ನಾನು ಓದಿದ ವರದಿಗಳಲ್ಲಿ ಸಿಗಲಿಲ್ಲ. ಇನ್ನು ಮೊಹರಂ ಮತ್ತು ಗಣೇಶ ಚೌತಿ ಕೂಡಿ ಬರುವುದು 2050ರ ಆಸುಪಾಸಿನಲ್ಲಿ. ಅದನ್ನು ವರದಿ ಮಾಡುವವರು ಈಗ ಅಂಗನವಾಡಿಯಲ್ಲಿರಬಹುದು.

ಇಂದು ತಾಲ್ಲೂಕುಗಳಲ್ಲಿ ನನ್ನ ಕೆಲಸ ಮಾಡುತ್ತಿರುವ ತರುಣ ಗೆಳೆಯರಲ್ಲಿ, ಗೆಳತಿಯರಲ್ಲಿ ನನ್ನದು ಒಂದೇ ವಿನಂತಿ. ಶಾಂತಿ ಸಭೆಗೆ ಹೋಗಿ, ಚಹಾ ಕುಡಿಯಿರಿ, ಸೌಹಾರ್ದವನ್ನು ಮಹಾಪ್ರಾಣವಿಲ್ಲದೆ ಬರೆಯಿರಿ. ಸಭೆಗೆ ಕರೆಯದವರು ಯಾರು ಎಂದು ಆಮೇಲೆ ಕೇರಿ ಓಣಿಗಳಲ್ಲಿ ವಿಚಾರಿಸಿ, ಅವರ ಒಂದು ಮಾತನ್ನಾದರೂ ಸುದ್ದಿಯ ಕೊನೆಗೆ ಸೇರಿಸಿ ಕಳಿಸಿ. ಡೆಸ್ಕಿನವರು ಕತ್ತರಿಸಿದರೆ ಮುಂದಿನ ವರ್ಷ ಮತ್ತೆ ಕಳಿಸಿ.